ಆಯುಧಪೂಜೆ ಮಾಡಿಸಿಕೊಂಡ ರೈಫಲ್

ಗುರಿ ತಪ್ಪಲಿಲ್ಲ ದೊಡ್ಡಪ್ಪ. ಗುಂಡು ಹಾರಲೇ ಇಲ್ಲ. ಎರಡೂ ಬೇರೆ ಬೇರೆ.

ಈ ಮಾತನ್ನು ಮನೆಯಲ್ಲಿ ಹೇಳಿ ಹೇಳಿ ಸಾಕಾಯಿತು, ಕೇಳುವವರಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಶೂಟಿಂಗ್ ರೇಂಜಿನ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದೇನೆ. ನನ್ನ ಬ್ಯಾಚ್ ಇನ್ನೂ ಕರೆದಿಲ್ಲ, ಕೋಪ ಇನ್ನೂ ಇಳಿದಿಲ್ಲ.

ಗೊತ್ತಿಲ್ಲದವರಿಗೆ... ನನ್ನ ಹತ್ತಿರ ಒಂದು ಪಾಯಿಂಟ್ ಟೂ ಟೂ ರೈಫಲ್ ಇದೆ. ತಾತನದು. ಒಂದು ಗುಂಡು ಹಾಕು, ಅಗುಳಿ ಥರದ ಬೋಲ್ಟ್ ತಳ್ಳು, ಹೊಡಿ, ಬೋಲ್ಟ್ ಎಳಿ, ಖಾಲಿ ಚಿಪ್ಪು ಆಚೆ ಬೀಳುತ್ತದೆ. ಅಷ್ಟೇ.

ತಾತ ಹೋದ ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಬಂತು. ಒಂಬತ್ತನೇ ಕ್ಲಾಸಿಗೆ ಸ್ಕೂಲ್ ಬಿಟ್ಟವನನ್ನು ನಂಬಿ ಸರ್ಕಾರ ಕೊಟ್ಟಿರುವುದು ಅದೊಂದೇ.

ಉಮ್ಮತ್ತೂರಿನಲ್ಲಿ ನಮ್ಮದು ಮೊಟ್ಟೆಯನ್ನೂ ಒಳಗೆ ಬಿಡದ ಮನೆ. ಆದರೂ ಬಂಡೀಪುರ ಇರುವ ಜಿಲ್ಲೆ ಅಂತ ಸಿಕ್ಕವರೆಲ್ಲ ಕೇಳುವುದು ಒಂದೇ, "ಮೊಲ ಗಿಲ ಬಿತ್ತೇನ್ಲಾ?"

ಇಲ್ಲ ಕಣ್ರೋ. ನಾನು ಹೊಡೆಯುವುದು ಪೇಪರ್. ಐವತ್ತು ಮೀಟರ್ ದೂರ, ನಡುವಿನ ಚುಕ್ಕೆ ಶರ್ಟ್ ಗುಂಡಿಯಷ್ಟು. ಪೇಪರಿನಲ್ಲಿ ಸಾರು ಮಾಡುವುದಕ್ಕಾಗುವುದಿಲ್ಲ.

ದೊಡ್ಡಪ್ಪನಿಗೂ ಅದೇ ತಕರಾರು. ಗುಂಡ್ಲುಪೇಟೆಯಲ್ಲಿ ತರಕಾರಿ ಮಂಡಿ ಇಟ್ಟಿದ್ದಾರೆ, ಅಪ್ಪ ಇಲ್ಲದ ನಮ್ಮ ಮನೆಗೂ ಅವರೇ ಯಜಮಾನ. ಲೈಸೆನ್ಸ್ ನನ್ನದು, ಮಾತು ಅವರದು.

"ಬ್ಯಾಟೆ ಆಡಕ್ಕಿಲ್ಲ, ತಿನ್ನಕ್ಕಿಲ್ಲ, ಇದ್ಯಾತಕ್ಲಾ ಮನೇಲಿ? ಈ ಸಲ ಮ್ಯಾಚಲ್ಲಿ ಸೆಲೆಕ್ಟ್ ಆದ್ಯಾ, ಇಟ್ಕೊ. ಇಲ್ವಾ, ಮೈಸೂರ್ನಲ್ಲಿ ಕೋವಿ ಅಂಗಡೀಗೆ ಕೊಟ್ಬುಡನ."

ಒಪ್ಪಿದೆ. ಇವತ್ತು ಬೆಳಿಗ್ಗೆ ಆ ಮ್ಯಾಚ್. ಚಾಮರಾಜನಗರದ ಆಚೆ ರೇಂಜ್.

ಚಾಪೆ ಮೇಲೆ ಬೋರಲು ಮಲಗಿದೆ. ಉಸಿರು ಹಿಡಿದೆ. ಚುಕ್ಕೆ ಕಣ್ಣಿಗೆ ಅಂಟಿಕೊಂಡಿತ್ತು. ಟ್ರಿಗರ್ ಒತ್ತಿದೆ.

ಟಿಕ್.

ಬೇರೆ ಗುಂಡು ಹಾಕಿದೆ. ಟಿಕ್. ಮತ್ತೊಂದು. ಟಿಕ್... ಅಕ್ಕಪಕ್ಕದವರೆಲ್ಲ ಪಟ್ ಪಟ್ ಅಂತ ಹೊಡೆಯುತ್ತಿದ್ದಾರೆ, ನಾನೊಬ್ಬ ಗೋಡೆ ಗಡಿಯಾರದ ಥರ ಟಿಕ್ ಟಿಕ್ ಅನ್ನಿಸುತ್ತಾ ಮಲಗಿದ್ದೇನೆ.

ಕೈ ಎತ್ತಿದೆ. ರೇಂಜ್ ನೋಡಿಕೊಳ್ಳುವ ಸುಬೇದಾರ್ ಸಾರ್ ಬಂದರು, ಮಿಲಿಟರಿಯಿಂದ ರಿಟೈರ್ ಆದವರು. ಹಾರದ ಗುಂಡನ್ನು ಬೆಳಕಿಗೆ ಹಿಡಿದು ನೋಡಿದರು.

ಇದು ರಿಮ್‌ಫೈರ್. ಗುಂಡಿನ ತಳದ ಅಂಚಿಗೆ ಬೋಲ್ಟಿನೊಳಗಿನ ಪಿನ್ ಗಟ್ಟಿಯಾಗಿ ಕುಟ್ಟಿದರೆ ಮಾತ್ರ ಸಿಡಿಯುತ್ತದೆ. ನನ್ನದರಲ್ಲಿ ಇರುವೆ ಕಚ್ಚಿದಷ್ಟು ಗುರುತು.

ಬೋಲ್ಟ್ ಹೊರಗೆ ತೆಗೆದರು. ಮೂಸಿ ನೋಡಿದರು. ನನ್ನ ಮುಖ ನೋಡಿದರು.

"ಏನಪ್ಪ ಇದು, ವಿಭೂತಿ ವಾಸ್ನೆ?"

ನಿಜ. ಪಿನ್ ಓಡಾಡುವ ಸಂದಿಯಲ್ಲಿ ಬೆಳ್ಳಗೆ ಗಾರೆ ಕಟ್ಟಿತ್ತು. ಸುತ್ತ ಇದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಸಾರ್ ಒಬ್ಬರೇ ನಗಲಿಲ್ಲ.

"ಮಧ್ಯಾಹ್ನ ಇನ್ನೊಂದು ಬ್ಯಾಚ್ ಇದೆ. ಕ್ಲೀನ್ ಮಾಡ್ಕೊಂಡು ಬಾ. ಬರ್ಲಿಲ್ಲ ಅಂದ್ರೆ ಸೊನ್ನೆ."

ಕ್ಲೀನ್ ಮಾಡುವ ಸಾಮಾನು ಮನೆಯಲ್ಲಿತ್ತು. ಬೈಕ್ ಹತ್ತಿ ಹೋದೆ. ಹಬ್ಬಕ್ಕೆ ಬಂದಿದ್ದ ದೊಡ್ಡಪ್ಪ ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಯಾವನೋ ಪುಣ್ಯಾತ್ಮ ನನಗಿಂತ ಮೊದಲೇ ಫೋನ್ ಮಾಡಿದ್ದ.

"ಒಂದೂ ಬೋರ್ಡಿಗ್ ಬೀಳ್ಲಿಲ್ವಂತೆ. ಬುಡು, ಗುರಿ ಅನ್ನದು ಎಲ್ರಿಗೂ ಬರಕ್ಕಿಲ್ಲ."

ನೆಲದ ಮೇಲೆ ಕೂತು ಹಳೇ ಟೂತ್‌ಬ್ರಷ್‌ನಲ್ಲಿ ಬೋಲ್ಟ್ ತಿಕ್ಕುತ್ತಾ ಕೇಳಿದೆ, "ಇದ್ರೊಳಕ್ಕೆ ಇಬೂತಿ ಬಳುದವ್ರು ಯಾರು?"

"ನಾನೇ ಕಣ ಮಗ," ಅಂದಳು ಅವ್ವ, ಅಡುಗೆಮನೆಯಿಂದ, ಬಲು ಆರಾಮವಾಗಿ.

ಆಯುಧಪೂಜೆಗೆ ನಮ್ಮ ಮನೆಯಲ್ಲಿ ಕುಡುಗೋಲು, ಔಷಧಿ ಹೊಡೆಯುವ ಟ್ಯಾಂಕು, ಬೈಕ್ ಕೀ, ಎಲ್ಲದರ ಜೊತೆ ರೈಫಲ್ಲನ್ನೂ ಮಣೆ ಮೇಲೆ ಇಡುತ್ತೇವೆ. ಸೇಫ್ಟಿಗೆ ಅಂತ ಬೋಲ್ಟ್ ಬಿಚ್ಚಿ ಪಕ್ಕದಲ್ಲಿ ಇಡುವವನು ನಾನೇ. ಅವ್ವ ವಿಭೂತಿ ಬಳಿಯುತ್ತಾಳೆ, ಮಾರನೇ ದಿನ ಪೂಜೆ ಕದಲಿಸಿದ ತಕ್ಷಣ ನಾನು ಒರೆಸುತ್ತೇನೆ.

ಈ ಸಲವೂ ನಿನ್ನೆ ಒರೆಸಿದೆ. ಮೇಲೆಲ್ಲ ಫಳಫಳ ಅಂತಿತ್ತು. ಬೋಲ್ಟ್ ವಾಪಸ್ ಹಾಕಿದೆ.

"ವರ್ಸ ವರ್ಸ ಮೇಲ್ ಬಳುದ್ರೆ ನೀ ಒರ್ಸಾಕ್ಬುಡ್ತೀಯ. ಈ ಸಲ ಮ್ಯಾಚ್ ಅದೆ ಅಂದ್ಯಲ್ಲ, ನಿನ್ ಕಣ್ಗ್ ಬೀಳ್ದಂಗೆ ಒಳಕ್ ಬಳುದೆ. ನೀರಾಕಿ ಕಲಸಿ, ಕಡ್ಡೀಲಿ ತುಂಬುದ್ನಪ್ಪ."

ಕಡ್ಡಿಯಲ್ಲಿ ತುಂಬಿದ್ದಾಳೆ... ನಾನು ಗೆಲ್ಲಲಿ ಅಂತ.

ಬ್ರಷ್ ಹಿಡಿದು ಇನ್ನೂ ಜೋರಾಗಿ ತಿಕ್ಕಿದೆ.

ದೊಡ್ಡಪ್ಪನಿಗೆ ಅಷ್ಟೇ ಸಾಕಾಯಿತು. "ನೋಡ್ದಾ. ಶಿವನೇ ಅಡ್ಡ ನಿಂತವ್ನೆ. ನಿಂಗಿದು ಬ್ಯಾಡ ಅಂತವ್ನೆ."

"ಅಡ್ಡ ನಿಂತಿರದು ಶಿವ ಅಲ್ಲ ದೊಡ್ಡಪ್ಪ, ಅವ್ವ. ಇನ್ನೊಂದ್ ಬ್ಯಾಚ್ ಅದೆ, ಓಯ್ತೀನಿ."

"ಯಾತಕ್ಕೆ, ಉಳ್ದಿರ ಮಾನನೂ ಕಳಿಯಕ್ಕಾ? ಕೂತ್ಕೊ. ನಾಳೆ ಅಂಗಡೀಗೆ ಓಗದೆ ಸೈ."

ಅವ್ವ ದೊಡ್ಡಪ್ಪನ ಎದುರಿಗೆ ನಿಂತು ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಸೆರಗು ಸರಿ ಮಾಡಿಕೊಂಡು ಹೊರಗೆ ಬಂದಳು. ಕೈಯಲ್ಲಿ ಇನ್ನೂ ರಾಗಿ ಹಿಟ್ಟು.

"ತಪ್ಪು ನಂದು ಬಾವ. ನಾ ಮಾಡುದ್ ತಪ್ಗೆ ಅವನ್ಯಾಕೆ ಸೋಲ್ಬೇಕು? ಓಗ್ಲಿ ಬುಡಿ."

ದೊಡ್ಡಪ್ಪ ಅವಳನ್ನು ನೋಡಿದರು, ನನ್ನನ್ನು ನೋಡಿದರು, ಕೊನೆಗೆ ಗೋಡೆಯ ಕ್ಯಾಲೆಂಡರ್ ನೋಡಿದರು. ಅದಕ್ಕೇ ಹೇಳುವ ಥರ ಹೇಳಿದರು, "ಸೆಲೆಕ್ಟ್ ಆಗ್ದೆ ಬಂದ್ರೆ ನಾಳೆ ಮೈಸೂರು. ಆಮೇಲ್ ಅಂಗೆ ಇಂಗೆ ಅಂದ್ರೆ ನಾ ಕೇಳಕ್ಕಿಲ್ಲ."

ಬೋಲ್ಟ್ ಎರಡು ಸಲ ಎಳೆದು ತಳ್ಳಿ ನೋಡಿದೆ. ಬೆಣ್ಣೆ. ರೈಫಲ್ಲನ್ನು ಕವರಿಗೆ ಹಾಕಿ ಹೆಗಲಿಗೆ ಏರಿಸಿದೆ.

ಹೊಸಿಲು ದಾಟುತ್ತಿದ್ದೇನೆ, ಹಿಂದಿನಿಂದ ದೊಡ್ಡಪ್ಪನ ದನಿ, "ಬಾಗ್ಲ ಮೆತ್ಗೆ ಎಳ್ಕೊ."

ಎಳೆದೆ. ಮೆತ್ತಗಲ್ಲ.