ಬೆರಳಲ್ಲಿ ಉಪ್ಪಿರತ್ತೆ

ರೌಂಡ್ ರಾಕ್‌ನ ಚಂದ್ರಮೋಹನ ಅಂಕಲ್ ಮನೆಗೆ ಊಟಕ್ಕೆ ಹೋದವರಿಗೆ ಎಲೆಅಡಿಕೆಗೂ ಮೊದಲು ಬಿಳಿ ಹತ್ತಿಯ ಕೈಗವಸು ಸಿಗುತ್ತದೆ. ಎರಡು ಮಹಾಯುದ್ಧಗಳ ನಡುವಿನ ಇಪ್ಪತ್ತೊಂದು ವರ್ಷಗಳಲ್ಲಿ ತಯಾರಾದ ಸೇನೆಯ ಪಿಸ್ತೂಲುಗಳನ್ನು ಮಾತ್ರ ಅವರು ಕೂಡಿಡುತ್ತಾರೆ. ಒಂದು ವರ್ಷ ಆಚೀಚೆಯಾದರೂ ಅದು ಅವರಿಗೆ ಬರೀ ಕಬ್ಬಿಣ. ಒಂದನ್ನೂ ಹಾರಿಸಿದವರಲ್ಲ, ಮನೆಯಲ್ಲಿ ಒಂದು ಗುಂಡೂ ಇಲ್ಲ. ಡಾಲಸ್‌ನಲ್ಲೋ ಹ್ಯೂಸ್ಟನ್‌ನಲ್ಲೋ ಗನ್ ಶೋ ನಡೆದರೆ ಪುಳಿಯೋಗರೆ ಡಬ್ಬಿ ಕಟ್ಟಿಕೊಂಡು ಡ್ರೈವ್ ಮಾಡುತ್ತಾರೆ. ಕೈಗೆ ಎಣ್ಣೆಯಾಗುತ್ತದೆಂದು ಹಸಿದುಕೊಂಡೇ ಎಲ್ಲ ನೋಡಿ, ಮರಳುವಾಗ ಕಾರಿನಲ್ಲಿ ತಿನ್ನುತ್ತಾರೆ. "ಬರಿಗೈಲಿ ಮುಟ್ಟಬೇಡಿ, ಬೆರಳಲ್ಲಿ ಉಪ್ಪಿರತ್ತೆ" ಎಂಬುದು ಅವರ ಮಂತ್ರ. ಸತ್ಯನಾರಾಯಣ ಪೂಜೆಯ ಸಜ್ಜಿಗೆ ತಿಂದವರನ್ನು ಪಿಸ್ತೂಲುಗಳ ಕೋಣೆಯ ಬಾಗಿಲಲ್ಲೇ ತಡೆಯುತ್ತಾರೆ. ಕಪಾಟಿನ ಪಿಸ್ತೂಲುಗಳೆಲ್ಲ ಒಂದು ಕಲೆಯೂ ಇಲ್ಲದೆ ಹೊಳೆಯುತ್ತವೆ, ೧೯೩೭ರ ಪೋಲೆಂಡಿನದೊಂದನ್ನು ಬಿಟ್ಟು. ಅದರಲ್ಲಿ ಕೆತ್ತಿದ ಹದ್ದಿನ ಪಕ್ಕ ಒಂದು ಕೆಂಪು ಬೊಟ್ಟಿದೆ. ಈ ಹವ್ಯಾಸದ ಹತ್ತಿರವೂ ಸುಳಿಯದಿದ್ದ ಅವರ ಹೆಂಡತಿ ನಳಿನಿ ಆಂಟಿ, ಮೂರು ವರ್ಷದ ಹಿಂದಿನ ಆಯುಧಪೂಜೆಯಂದು ಅದೇನನ್ನಿಸಿತೋ, ಒದ್ದೆ ಬೆರಳಲ್ಲಿ ಅದಕ್ಕೆ ಕುಂಕುಮ ಇಟ್ಟುಬಿಟ್ಟರು. "ಇಷ್ಟು ವರ್ಷ ಆದ್ರೂ ನಿಂಗೆ ಗೊತ್ತಾಗಲ್ವಾ?" ಎಂದು ಅಂಕಲ್ ನಮ್ಮೆಲ್ಲರ ಮುಂದೆಯೇ ಗದರಿದರು. "ಪೂಜೆ ದಿನ ಒರೆಸಬಾರದು ರೀ, ನಾಳೆ ನಾನೇ ಒರೆಸ್ತೀನಿ" ಎಂದು ಆಂಟಿ ಸೆರಗಿಗೆ ಬೆರಳು ಒರೆಸಿಕೊಂಡು ಒಳಗೆ ಹೋದರು. ರಾತ್ರಿ ನಿದ್ದೆಯಲ್ಲೇ ಅವರ ಹೃದಯ ನಿಂತಿತು, ಬೆಳಗಾಗುವಷ್ಟರಲ್ಲಿ ಅವರಿರಲಿಲ್ಲ. ಆ ಬೊಟ್ಟಿನ ಸುತ್ತ ಈಗ ತುಕ್ಕು ಹಬ್ಬುತ್ತಿದೆ. ಮೊನ್ನೆ ನಾನು ತಡೆಯಲಾರದೆ "ಅಂಕಲ್, ಇದನ್ನ ಒರೆಸಲ್ವಾ?" ಎಂದು ಕೇಳಿದೆ. ಅವರು ಕೈಗವಸು ಕಳಚಿಟ್ಟು, ಅದನ್ನು ಬರಿಗೈಯಲ್ಲಿ ಎತ್ತಿಕೊಂಡು, "ಅವಳೇ ಒರೆಸ್ತೀನಿ ಅಂದಿದ್ದಾಳೆ" ಎಂದರು.