ಮುಂದಿನ ಸೀಟಿನ ದೊಡ್ಡಮನುಷ್ಯ

ನನ್ನ ಮಗಳ ಶಾಲೆಯ ವ್ಯಾನ್ ಓಡಿಸುವಾಕೆಗೆ ಮಕ್ಕಳಿಟ್ಟ ಹೆಸರು ವ್ಯಾನಕ್ಕ. ವಯಸ್ಸು ಐವತ್ತರ ಆಸುಪಾಸು, ದನಿ ಹಾರ್ನಿಗಿಂತ ಜೋರು. ಮೊದಲು ವ್ಯಾನ್ ಓಡಿಸುತ್ತಿದ್ದವರು ಆಕೆಯ ಗಂಡ. ಅವರ ಬೆನ್ನುಮೂಳೆ ಕೈಕೊಟ್ಟು ಹಾಸಿಗೆ ಹಿಡಿದ ಮೇಲೆ, ನಲವತ್ತಮೂರನೆಯ ವಯಸ್ಸಿನಲ್ಲಿ, ಕ್ಲಚ್ಚು ಯಾವುದು ಬ್ರೇಕು ಯಾವುದು ಎಂಬಲ್ಲಿಂದ ಆಕೆ ಶುರುಮಾಡಿದಳು.

ಹನ್ನೊಂದು ಮಕ್ಕಳು ಹಿಂದೆ ಒತ್ತೊತ್ತಾಗಿ ಕೂರುತ್ತಾರೆ, ಡ್ರೈವರ್ ಪಕ್ಕದ ಸೀಟು ಮಾತ್ರ ಖಾಲಿ. ಮೊದಲ ವಾರವೇ ನಾನು ಕೇಳಿಬಿಟ್ಟೆ, "ಆ ಸೀಟಿಗೆ ಏನಾಗಿದೆ? ಬೆಲ್ಟ್ ಸರಿ ಇಲ್ವಾ?"

"ಎಲ್ಲ ಸರಿ ಇದೆ. ಅಲ್ಲಿ ದೇವರು ಕೂರ್ತಾನೆ."

ನಾನು ನಕ್ಕೆ. ಆಕೆ ನಗಲಿಲ್ಲ. "ಐದಕ್ಕೆ ಏಳ್ತೀನಿ. ನಮ್ಮನೆಯವರನ್ನ ಮಗ್ಗುಲು ಬದಲಾಯಿಸಿ, ಮೈ ಒರೆಸಿ, ಉಣಿಸಿ, ಆಮೇಲೆ ನಿಮ್ಮ ಮಕ್ಕಳು. ಒಬ್ಬಳ ಕೈಲಿ ಆಗೋದಾ ಇದು? ಅದಕ್ಕೇ ಅವನನ್ನ ಕರ್ಕೊಂಡು ಬರ್ತೀನಿ. ಕೆಲಸಕ್ಕೇನೂ ಬರಲ್ಲ ಬಿಡಿ, ಜೊತೆಗೆ ಕೂತಿರ್ತಾನೆ ಅಷ್ಟೆ."

ಭಕ್ತಿ ಎಂದರೆ ಕೈಮುಗಿಯುವುದು ಎಂದುಕೊಂಡವರು ಆ ವ್ಯಾನ್ ಹತ್ತಬಾರದು. ಸಿಗ್ನಲ್ ಕೆಂಪಾದರೆ, "ನೋಡ್ತಾ ಕೂತಿದ್ದೀಯಲ್ಲ ದೊಡ್ಡಮನುಷ್ಯ, ಒಂದು ಹಸಿರು ದೀಪ ಹಾಕೋ ಯೋಗ್ಯತೆ ಇಲ್ವಾ ನಿಂಗೆ?" ಚಕ್ರ ಪಂಕ್ಚರ್ ಆದರೆ, "ಇಳಿ ಕೆಳಗೆ, ನಿನ್ನ ಭಾರಕ್ಕೇ ಆಗಿದ್ದು!" ಒಂದು ವಾರದಲ್ಲಿ ನನ್ನ ಮಗಳೂ ಬಚ್ಚಲಿನ ನಲ್ಲಿಯ ಮುಂದೆ ನಿಂತು, "ಏ ದೊಡ್ಡಮನುಷ್ಯ, ಬಿಸಿನೀರು ಬಿಡ್ತೀಯೋ ಇಲ್ವೋ?" ಎಂದು ಗದರತೊಡಗಿದಳು. ಅವಳಿಗೆ ಆರು ವರ್ಷ.

ಶಾಲೆ ಬಿಟ್ಟ ಮೇಲೆ ವ್ಯಾನಕ್ಕ ತಲೆ ಎಣಿಸುವ ರೀತಿಯೂ ಆಕೆಯದ್ದೇ. ಹಿಂದಿನ ಸಾಲಿನಿಂದ ಶುರುಮಾಡಿ ಒಂದೊಂದು ತಲೆಯನ್ನೂ ಮುಟ್ಟುತ್ತ ಹನ್ನೊಂದಕ್ಕೆ ಬಂದು, ಕೊನೆಗೆ ಮುಂದಿನ ಖಾಲಿ ಸೀಟನ್ನು ತಟ್ಟಿ, "ಹನ್ನೆರಡು, ನೀನೂ ಬಂದ್ಯಾ, ನಡಿ" ಎಂದು ಗಾಡಿ ಬಿಡುವಳು.

ಒಂದು ಗುರುವಾರ ಎಣಿಕೆಗೆ ಮುಂಚೆ ಆಕೆಗೆ ಪಕ್ಕದ ಮನೆಯವಳ ಫೋನು ಬಂತು. ಗಂಡ ಮಂಚದಿಂದ ಜಾರಿ ನೆಲಕ್ಕೆ ಬಿದ್ದಿದ್ದರು. ಪೆಟ್ಟೇನೂ ಆಗಿರಲಿಲ್ಲ, ಆದರೆ ಎತ್ತಲು ಅವಳೊಬ್ಬಳಿಂದ ಆಗುತ್ತಿರಲಿಲ್ಲ. ಆ ಗಡಿಬಿಡಿಯಲ್ಲಿ ಆಕೆ ಮುಂದಿನಿಂದ ಎಣಿಸಿದಳು. ದೇವರು ಒಂದು, ಆಮೇಲೆ ಮಕ್ಕಳು. ಕಡೆಯ ತಲೆಗೆ ಹನ್ನೊಂದು ಬಂತು. ಹನ್ನೊಂದು ಮಕ್ಕಳು, ಸರಿ ಇದೆ ಎಂದುಕೊಂಡು ಹೊರಟೇಬಿಟ್ಟಳು. ಹತ್ತೇ ಮಕ್ಕಳಿದ್ದರು. ನನ್ನ ಮಗಳು ಶಾಲೆಯ ನಲ್ಲಿಯ ಹತ್ತಿರ ಕೈಗೆ ಮೆತ್ತಿದ ಬಣ್ಣ ಉಜ್ಜುತ್ತ ನಿಂತಿದ್ದಳು.

ನಮ್ಮದು ಕೊನೆಯ ನಿಲ್ದಾಣ. ಗೇಟಿನ ಮುಂದೆ ವ್ಯಾನ್ ನಿಂತಿತು, ಬಾಗಿಲು ತೆರೆಯಿತು, ಯಾರೂ ಇಳಿಯಲಿಲ್ಲ. ವ್ಯಾನಕ್ಕ ಸೀಟುಗಳ ಕೆಳಗೆಲ್ಲ ಬಗ್ಗಿ ನೋಡಿದಳು. ಎದ್ದಾಗ ಆಕೆಯ ಮುಖದಲ್ಲಿ ರಕ್ತವೇ ಇರಲಿಲ್ಲ.

"ನನ್ನ ಮಗಳೆಲ್ಲಿ?"

"ಹತ್ತಿ," ಎಂದಷ್ಟೇ ಹೇಳಿದಳು.

ನಾನು ಸಿಕ್ಕ ಬಾಗಿಲು ತೆರೆದು ಕೂತೆ. ಅದು ಮುಂದಿನ ಸೀಟು. ಶಾಲೆಯ ಮುಂದೆ ಲಾರಿಗಳು ಓಡಾಡುವ ಅಗಲವಾದ ರಸ್ತೆ. ಅವಳು ದಾಟಲು ಹೋದರೆ? ಯಾರೋ ಕರೆದರೆಂದು ಅವರ ಹಿಂದೆ ಹೊರಟರೆ? ಚಾಕೊಲೇಟು ಕೊಟ್ಟರೆ ಯಾರ ಹಿಂದೆ ಬೇಕಾದರೂ ಹೋಗುವ ಪೈಕಿ ಅವಳು. ಶಾಲೆಯ ಆಫೀಸಿಗೆ ಮೂರು ಸಲ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ವ್ಯಾನಕ್ಕ ನನ್ನ ಕಡೆಗೇ ತಿರುಗಿ ಕಿರುಚಿದಳು, "ಇಲ್ಲೇನು ಮಾಡ್ತಿದ್ದೀಯ? ನಾಚಿಕೆ ಆಗಲ್ವಾ ಹಾಯಾಗಿ ಕೂತು ಬರೋಕೆ? ಇಳಿ! ಇಳಿದು ಓಡು, ಹೋಗಿ ಆ ಮಗು ಹತ್ರ ಕೂತ್ಕೊ!"

ನಾನು ಗಾಬರಿಯಾಗಿ ಬಾಗಿಲ ಹಿಡಿಗೆ ಕೈಹಾಕಿದೆ.

"ನಿಮಗಲ್ಲ ಕಣಮ್ಮ!"

ಅದಕ್ಕಿಂತ ನೇರವಾದ ಪ್ರಾರ್ಥನೆಯನ್ನು ನಾನು ಈವರೆಗೆ ಕೇಳಿಲ್ಲ.

ಮಗಳು ಗೇಟಿನ ಒಳಗೆ ಕಾವಲುಗಾರನ ಕುರ್ಚಿಯಲ್ಲಿ ಕಾಲಾಡಿಸುತ್ತ, ಅವನ ಬಿಸ್ಕತ್ತು ತಿನ್ನುತ್ತ ಕೂತಿದ್ದಳು. "ಇಷ್ಟು ಬೇಗ ಯಾಕೆ ಬಂದ್ರಿ? ಇನ್ನೂ ಎರಡು ಬಿಸ್ಕತ್ತಿದೆ," ಎಂದಳು. ನಾನು ಅವಳನ್ನು ಅಪ್ಪಿಕೊಂಡು ಅತ್ತೆ. ಅತ್ತಾದ ಮೇಲೆ ಸಿಟ್ಟು ನೆತ್ತಿಗೇರಿತು.

"ನಿಮ್ಮ ದೇವರನ್ನ ಎಣಿಸಿದ್ರಿ, ನನ್ನ ಮಗಳನ್ನ ಬಿಟ್ರಿ! ಕೇಳಿ ನೋಡಿ ಅವನನ್ನೇ, ಯಾಕೆ ಹೇಳಲಿಲ್ಲ ಅಂತ!"

ಸಿಗ್ನಲ್ಲಿಗೂ ಪಂಕ್ಚರಿಗೂ ದೇವರನ್ನು ಹಿಡಿದು ಝಾಡಿಸುವ ಹೆಂಗಸು ವ್ಯಾನಿನ ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳು. "ಇಲ್ಲಮ್ಮ. ಇದು ಅವನ ತಲೆಗೆ ಕಟ್ಟೋದಲ್ಲ. ಎಣಿಸಿದ್ದು ನಾನು."

"ನಾಳೆಯಿಂದ ಬರಬೇಡಿ," ಎಂದೆ.

ಮಿಕ್ಕ ಹತ್ತು ಮನೆಗಳಿಗೆ ಈ ವಿಷಯ ಗೊತ್ತಾಗುವ ದಾರಿಯೇ ಇರಲಿಲ್ಲ. ಗಂಡನನ್ನು ಎತ್ತಿ ಮಲಗಿಸಿ ಬಂದು, ಅಂದು ಸಂಜೆಯೇ ವ್ಯಾನಕ್ಕ ಹತ್ತೂ ಬಾಗಿಲು ತಟ್ಟಿ ತಾನೇ ಹೇಳಿದಳಂತೆ. ಎರಡು ಮನೆಯವರು ಮಕ್ಕಳನ್ನು ಬಿಡಿಸಿದರು. ನನ್ನ ಗಂಡ ಕೇಳಿ, "ತಲೆ ಕೆಟ್ಟಿದೆಯಾ ಆಕೆಗೆ? ಸುಮ್ಮನಿದ್ದಿದ್ರೆ ಆಗ್ತಿತ್ತು" ಎಂದರು. ಆ ಮಾತನ್ನೇ ನಾನು ನಾಲ್ಕು ದಿನ ಮೆಲುಕು ಹಾಕಿದೆ. ಸುಮ್ಮನಿರಬಲ್ಲ ಡ್ರೈವರ್ ಸಿಕ್ಕಿದ್ದರೆ ಇನ್ನೇನೇನು ಮುಚ್ಚಿಡುತ್ತಿದ್ದನೋ!

ಐದನೆಯ ದಿನ ಆಕೆಯ ಮನೆಗೇ ಹೋದೆ. ಒಂದೇ ಕೋಣೆ, ಕಿಟಕಿಯ ಪಕ್ಕದಲ್ಲಿ ಮಂಚ. ಗಂಡನ ಉಗುರು ಕತ್ತರಿಸುತ್ತಿದ್ದಳು.

"ಈಗ ಹೇಗೆ ಎಣಿಸ್ತೀರಿ?"

"ಹೆಸರು ಕೂಗ್ತೀನಿ, ಒಬ್ಬೊಬ್ಬರೂ ಓ ಅನ್ನಬೇಕು. ಅವನ ಹೆಸರು ಪಟ್ಟಿಯಿಂದ ತೆಗೆದೆ."

"ಬೇಜಾರಾಗಲ್ವಾ ಅವನಿಗೆ?"

"ಆಗಲಿ ಬಿಡಿ. ಹೋಗ್ತಾನಾ? ಹೋಗಲ್ಲ. ಬೈಸಿಕೊಂಡು ಕೂತಿರೋಕೆ ಅವನನ್ನ ಬಿಟ್ರೆ ನಂಗ್ಯಾರಿದ್ದಾರೆ? ಇವರಿಗೆ ಬೈದ್ರೆ ಅಳ್ತಾರೆ. ಮಕ್ಕಳಿಗೆ ಬೈದ್ರೆ ನೀವು ಬರ್ತೀರ."

ಮಂಚದ ಮೇಲಿಂದ ಗಂಡ, "ನಾನೆಲ್ಲಿ ಅಳ್ತೀನಿ?" ಎಂದರು.

ಮಾರನೆಯ ಬೆಳಿಗ್ಗೆ ಮಗಳನ್ನು ವ್ಯಾನ್ ಹತ್ತಿಸಿದೆ. ಒಳಗೆ ಬಂದು, ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯದೆ ಗಡಿಯಾರ ನೋಡುತ್ತ ನಿಂತೆ. ಬಾಯಿಯಿಂದ ತಾನಾಗಿ ಹೊರಟಿತು: "ನೋಡು, ನನಗೆ ನಿನ್ನ ಪರಿಚಯ ಅಷ್ಟಿಲ್ಲ. ಆದ್ರೆ ಅಲ್ಲಿ ಸುಮ್ಮನೆ ಕೂತಿರಬೇಡ, ಕಣ್ಣು ಬಿಟ್ಟುಕೊಂಡಿರು." ಅಡುಗೆಮನೆಯಲ್ಲಿ ನಾನೊಬ್ಬಳೇ ಇದ್ದೇನೆ ಎಂದು ಆಗ ಅನ್ನಿಸಲಿಲ್ಲ. ಎಂಟೂಕಾಲಿಗೆ ತಡೆಯಲಾರದೆ ಶಾಲೆಗೆ ಫೋನ್ ಮಾಡಿದೆ.

ಆಫೀಸಿನವಳು ನನ್ನ ಹಲೋ ಮುಗಿಯುವ ಮೊದಲೇ, "ಬಂದಿದ್ದಾಳೆ ಮೇಡಂ," ಎಂದಳು. "ನೀವು ಫೋನ್ ಮಾಡ್ತೀರಿ, ಎತ್ತದೆ ಇರಬೇಡಿ ಅಂತ ನಿಮ್ಮ ವ್ಯಾನಕ್ಕ ಬೈದು ಹೋದ್ರು."