ಗಡಿಯಾರದ ಬೀಗರ ಕೈ ಮತ್ತು ಒಂದು ಹಳೇ ಲೇತು

ಮೀಟರಣ್ಣನಿಗೆ ಲೋಹ ಕಡೆಯುವ ಲೇತಿನ ಮೇಲೆ ಒಂದು ತಿರುಪು ಮಾಡಲೂ ಬರುತ್ತಿರಲಿಲ್ಲ. ಆದರೂ ಅವನ ಹಿಂದಿನ ಕೋಣೆಯ ತುಂಬ ಹಳೇ ಲೇತುಗಳು! ಎಲ್ಲವೂ ಗಡಿಯಾರದ ಬಿಡಿಭಾಗದಂಥ ಸೂಕ್ಷ್ಮ ಕೆಲಸಕ್ಕೆಂದೇ ಹುಟ್ಟಿದ, ಮೇಜಿನ ಮೇಲೆ ಕೂರುವ ಪುಟ್ಟ ಯಂತ್ರಗಳು. ಜೀವಮಾನವೆಲ್ಲ ಮನೆಮನೆಯ ಕರೆಂಟ್ ಮೀಟರ್ ಓದಿದ ಮನುಷ್ಯನದು ನಂಬರ್ ಕಂಡರೆ ಓದದೆ ಬಿಡುವ ಜಾಯಮಾನವೇ ಅಲ್ಲ. ತುಕ್ಕು ಒರೆಸಿ, ಕಬ್ಬಿಣದ ಅಡಿಯಲ್ಲಿ ಕೊರೆದ ಅಂಕಿ ಹುಡುಕಿ, ಇದು ಯಾವ ಕಾಲದ್ದು, ಯಾವ ಕಾರ್ಖಾನೆಯದ್ದು ಎಂದು ಜಾತಕ ಹೇಳಿಬಿಡುತ್ತಿದ್ದ.

"ಅಡುಗೆ ಬಾರದವರ ಮನೇಲಿ ಹತ್ತು ಒಲೆ!" ಎಂದು ಹೆಂಡತಿ ಹಂಗಿಸುತ್ತಿದ್ದಳು. ಹಂಗಿಸುತ್ತಲೇ ತುಕ್ಕು ಒರೆಸಲು ಹಳೇ ಬಟ್ಟೆ ಹರಿದುಕೊಡುತ್ತಿದ್ದಳು.

ಈ ಹುಚ್ಚು ಹತ್ತಿಸಿದವರು ಬೀಗರು, ಅಂದರೆ ಮಗಳ ಮಾವ. ಗಡಿಯಾರ ರಿಪೇರಿಯವರು. ಮಗಳ ಮದುವೆಯಾದ ಹೊಸತರಲ್ಲಿ ಅವರ ಅಂಗಡಿಯಲ್ಲಿ ಕೂತು ಮೀಟರಣ್ಣ ಕೇಳಿದ ಪೆದ್ದು ಪ್ರಶ್ನೆಗಳಿಗೆಲ್ಲ ಬೇಸರಪಡದೆ ಉತ್ತರ ಕೊಟ್ಟಿದ್ದರು. ಮಗಳನ್ನಂತೂ ಅಂಗೈಯಲ್ಲಿಟ್ಟು ನೋಡಿಕೊಂಡಿದ್ದರು. ಈ ಋಣ ಯಾವ ಜನ್ಮಕ್ಕೆ ತೀರೀತು ಎಂದು ಮೀಟರಣ್ಣ ಆಗಾಗ ಹೇಳುತ್ತಿದ್ದ.

ಅಂಥ ಬೀಗರು ಅಂಗಡಿ ಮುಚ್ಚುತ್ತಾರಂತೆ! ಮಗಳು ಫೋನಿನಲ್ಲಿ ಅತ್ತಳು. "ಕೈ ಹೋಯ್ತು ಅಂತಾರಪ್ಪಾ. ತೂತು ಕೊರೆಯೋಕೆ ಹೋದ್ರೆ ಡ್ರಿಲ್ ಬಿಟ್ ಮುರಿಯುತ್ತಂತೆ. ಊಟಾನೂ ಸರಿಯಾಗಿ ಮಾಡ್ತಿಲ್ಲ."

ಮೀಟರಣ್ಣ ಹೋದಾಗ ಅಂಗಡಿ ಬಾಗಿಲಿಗೆ ‘ಬಾಡಿಗೆಗೆ ಇದೆ’ ಎಂಬ ಬೋರ್ಡು ಆಗಲೇ ಬಿದ್ದಿತ್ತು.

"ಯಾವಾಗಿಂದ ಹೀಗೆ, ಬೀಗ್ರೇ?"

"ಎರಡು ವರ್ಷ ಆಯ್ತು. ವಯಸ್ಸು ಸುಮ್ನೆ ಬಿಡುತ್ತಾ?"

ಎರಡು ವರ್ಷ! ಬೀಗರ ಮೊದಲಿನ ಲೇತು ಸವೆದು, ಬಾಗಿಲು ಹಾಕಿದ ವರ್ಕ್‌ಶಾಪೊಂದರಿಂದ ಈಗಿನದನ್ನು ಕೊಂಡದ್ದು ಆಗಲೇ. ಅದೇ ವರ್ಕ್‌ಶಾಪಿನ ಇನ್ನೊಂದು, ಇದರ ಅವಳಿ, ಮೊನ್ನೆ ಮೊನ್ನೆ ಗುಜರಿಯವನಿಂದ ಮೀಟರಣ್ಣನ ಮನೆ ಸೇರಿತ್ತು. ಅದರಲ್ಲೊಂದು ಕುಂದು. ಲೇತಿನ ಮೈಮೇಲೆ ೪೧೨, ಟೇಲ್‌ಸ್ಟಾಕಿನ ಅಡಿಯಲ್ಲಿ ೪೧೯. ಟೇಲ್‌ಸ್ಟಾಕ್ ಅಂದರೆ ತಿರುಗುವ ಕಡ್ಡಿಗೆ ಎದುರಿನಿಂದ ಡ್ರಿಲ್ ಬಿಟ್ ಹಿಡಿದು ನಿಲ್ಲುವ ಭಾಗ. ಅದನ್ನು ಆಯಾ ಲೇತಿನ ಮೈಗೇ ಕೈಯಿಂದ ಉಜ್ಜಿ ಕೂರಿಸಿರುತ್ತಾರೆ. ಒಂದರದ್ದು ಇನ್ನೊಂದಕ್ಕೆ ಕೂತರೂ ಕೂದಲೆಳೆಯಷ್ಟು ಏರುಪೇರು ತಪ್ಪದು; ಸಣ್ಣ ಬಿಟ್ ಮುರಿಯಲು ಅಷ್ಟು ಸಾಕು. ಇದನ್ನು ಹೇಳಿಕೊಟ್ಟವರೂ ಬೀಗರೇ. ಪಾಪ, ಅವರಿಗೆ ತಮ್ಮ ಕೈಮೇಲೆ ಬಂದ ಅನುಮಾನ ಯಂತ್ರದ ಮೇಲೆ ಬಂದಿರಲಿಲ್ಲ.

"ಈ ಟೇಲ್‌ಸ್ಟಾಕ್ ಒಂದ್ಸಲ ಬಿಚ್ಚಿ ನಂಬರ್ ನೋಡ್ಲಾ?"

ಬೀಗರು ಕೆಂಡವಾದರು. "ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ! ನಿಮ್ಮ ನಂಬರ್ ಹುಚ್ಚು ಮನೇಲಿಟ್ಟುಕೊಳ್ಳಿ."

ಬೀಗರು ಮುನಿದರೆ ನಡುವೆ ನೋಯುವವಳು ಮಗಳು. ಊಹೆ ಸುಳ್ಳಾದರಂತೂ, ಸೋತವರಿಗೆ ಆಸೆ ತೋರಿಸಿ ಕಿತ್ತುಕೊಂಡ ಪಾಪ ಬೇರೆ. ಆದದ್ದಾಗಲಿ ಎಂದು ಮೀಟರಣ್ಣ ತಿರುಪು ಸಡಿಲಿಸಿಯೇಬಿಟ್ಟ. ಲೇತಿನ ಮೈಮೇಲೆ ೪೧೯, ಟೇಲ್‌ಸ್ಟಾಕಿನ ಅಡಿಯಲ್ಲಿ ೪೧೨!

ಮಾರುವ ಮುಂಚೆ ಎರಡನ್ನೂ ಬಿಚ್ಚಿ ತೊಳೆದ ಯಾರೋ ಪುಣ್ಯಾತ್ಮರು ಅದಲುಬದಲು ಜೋಡಿಸಿದ್ದರು. ಮೀಟರಣ್ಣ ಮನೆಗೆ ಓಡಿ, ತನ್ನಲ್ಲಿದ್ದ ೪೧೯ನ್ನು ಎದೆಗವಚಿಕೊಂಡು ಏದುಸಿರು ಬಿಡುತ್ತಾ ಬಂದ.

ಬೀಗರು ಒಲ್ಲದ ಮನಸ್ಸಿನಿಂದ ಅದನ್ನು ಕೂರಿಸಿದರು. ಹಿತ್ತಾಳೆಯ ಕಡ್ಡಿ ಬಿಗಿದು, ಕೂದಲಿನಂಥ ಬಿಟ್ಟನ್ನು ಮೆಲ್ಲಗೆ ಮುಂದಕ್ಕೆ ತಂದರು. ಮೀಟರಣ್ಣ ಕಣ್ಣು ಮುಚ್ಚಿಕೊಂಡ. ಮುರಿದ ಸದ್ದು ಬರಲಿಲ್ಲ. ಬೀಗರು ಕಡ್ಡಿ ಬದಲಿಸಿ ಇನ್ನೊಂದು ತೂತು ಕೊರೆದರು, ಆಮೇಲೆ ಮತ್ತೊಂದು. ಅದೇ ಬಿಟ್, ಹಾಗೇ ಇತ್ತು.

ಬೀಗರು ಲೇತು ನಿಲ್ಲಿಸಿದರು. ಈಗ ಬೆನ್ನು ತಟ್ಟುತ್ತಾರೆ ಎಂದು ಮೀಟರಣ್ಣ ಸ್ವಲ್ಪ ಉಬ್ಬಿ ನಿಂತ. ಅವರು ಅವನತ್ತ ನೋಡಲೇ ಇಲ್ಲ, ತಮ್ಮ ಕೈಗಳನ್ನೇ ನೋಡುತ್ತಿದ್ದರು.

"ಎರಡು ವರ್ಷ ಇವಕ್ಕೆ ಬೈದೆನಲ್ಲ, ಬೀಗ್ರೇ," ಎಂದು ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಂಡು ಅತ್ತುಬಿಟ್ಟರು.

ಮೀಟರಣ್ಣ ಆ ಎಣ್ಣೆಗೈಗಳನ್ನು ತನ್ನ ಕೈಯೊಳಗೆ ತಗೊಂಡ. "ಇನ್ಮೇಲೆ ಬೈಬೇಡಿ. ನನ್ನ ಮಗಳ ತಲೆ ಸವರಿದ ಕೈ ಇವು."

ಆಮೇಲೆ ಹೊರಗೆ ಹೋಗಿ, ಯಾರನ್ನೂ ಕೇಳದೆ, ಬಾಗಿಲಿನ ಬೋರ್ಡು ಇಳಿಸಿದ.